ಪಂಪ್ ಶೆಡ್ಡಿನ ಹಿಂದಿನ ಚೇಂಬರ್

"ಇನ್ನೊಮ್ಮೆ ಅಳೆಯಿರಿ," ಎಂದ ಕ್ಯಾಪ್ಟನ್ ಬದರ್.

ಶ್ರಾವಣಿ ಮತ್ತೆ ಬಟನ್ ಒತ್ತಿದಳು. ಮೇಜಿನ ಮೇಲಿದ್ದ ಪೆಟ್ಟಿಗೆಯ ಪರದೆಯಲ್ಲಿ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಸ್ವಲ್ಪಸ್ವಲ್ಪವೇ ಇಳಿಯುತ್ತ ಸಾಗಿ, ಒಂದು ಕಡೆ ಮುಳ್ಳಿನ ಹಾಗೆ ಎದ್ದು, ನೇರ ಕೆಳಕ್ಕೆ ಬಿತ್ತು. ಹಿಂದಿನ ಎರಡು ಸಲವೂ ಮುಳ್ಳು ಅಲ್ಲೇ ಎದ್ದಿತ್ತು.

"ಸಾವಿರದ ನೂರು ಮೀಟರ್. ಎಷ್ಟು ಸಲ ಅಳೆದರೂ ಅಷ್ಟೇ."

ಕಂಟ್ರೋಲ್ ರೂಮಿನಲ್ಲಿ ಏಸಿಯ ಗುಂಯ್‌ಗುಡುವಿಕೆ ಬಿಟ್ಟರೆ ಸದ್ದಿರಲಿಲ್ಲ. ಕುವೈತಿನ ಕಾನೂನಿನಂತೆ ಬೇಸಿಗೆಯ ಮಧ್ಯಾಹ್ನ ಹೊರಗೆ ಯಾರಿಂದಲೂ ಕೆಲಸ ಮಾಡಿಸುವಂತಿಲ್ಲ. ಮೀನಾ ಅಬ್ದುಲ್ಲಾದ ಆ ಗಂಧಕದ ಘಟಕ ಕಿಟಕಿಯಾಚೆ ಬೆಳ್ಳಗೆ ಉರಿಯುತ್ತ ಖಾಲಿ ಬಿದ್ದಿತ್ತು. ಹೋದ ವಾರ ಅಲ್ಲಿಯ ಪಂಪ್ ಕೂರಿಸಿದ ಆಳದ ಗುಂಡಿಯಲ್ಲಿ ಆಪರೇಟರ್ ಕಾಂತಪ್ಪ ವಿಷಾನಿಲ ಕುಡಿದು ಸತ್ತಿದ್ದ, ಅಪಾಯದ ಸುದ್ದಿ ಒಯ್ಯುವ ಕೇಬಲ್ ಹಾಕಿಸಿದ ಸೂಪರ್‌ವೈಸರ್ ಅಕ್ಷಯ್ ಪೊಲೀಸರ ವಶದಲ್ಲಿದ್ದ.

ಇಂದು ಅಕ್ಷಯನನ್ನು ಪ್ರಾಸಿಕ್ಯೂಟರ್ ಎದುರು ನಿಲ್ಲಿಸುವವರಿದ್ದರು. ಅವನ ಹೆಂಡತಿ ಅಶ್ಮಿತಾ ಬೆಳಿಗ್ಗೆಯಿಂದ ಆ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ಸತ್ತ ಕಾಂತಪ್ಪ ಅವಳ ಸೋದರಮಾವ. ಅವನ ಸಾವಿಗೆ ಕಾರಣನೆಂದು ಬಂಧನದಲ್ಲಿದ್ದವನು ಗಂಡ. ಗಂಡನನ್ನು ಒಳಗೆ ಕರೆಯುವ ಮೊದಲು ಏನಾದರೂ ಹೇಳುತ್ತೇನೆ ಎಂದು ಶ್ರಾವಣಿ ಅವಳಿಗೆ ಮಾತು ಕೊಟ್ಟಿದ್ದಳು.

ಶ್ರಾವಣಿ ಹಾಸನದವಳು. ಭೌತಶಾಸ್ತ್ರ ಓದಿ, ನಂತರ ಎಂಜಿನಿಯರಿಂಗಿಗೆ ತಿರುಗಿ, ಈಗ ವಿಮಾ ಕಂಪೆನಿಯೊಂದರ ಪರವಾಗಿ ಕಾರ್ಖಾನೆಗಳ ಅಪಘಾತದ ಕಾರಣ ಹುಡುಕುತ್ತಿದ್ದಳು. ಮಾತು ಕೊಡುವುದು ಅವಳ ಅಭ್ಯಾಸವಲ್ಲ. ಅಳೆಯುವ ಮೊದಲು ಏನನ್ನೂ ಹೇಳಬಾರದೆಂಬುದು ಅವಳು ತನಗೇ ಹಾಕಿಕೊಂಡ ನಿಯಮ.

"ಇದರ ಅರ್ಥ ಬಿಡಿಸಿ ಹೇಳಿ," ಎಂದ ಬದರ್. ತೆಳ್ಳಗಿನ, ಸದಾ ದಣಿದಂತೆ ಕಾಣುವ ಕುವೈತಿ ಅಧಿಕಾರಿ. ಅವಳೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಅರ್ಥವಾಗದ್ದನ್ನು ಅರ್ಥವಾದಂತೆ ನಟಿಸುತ್ತಿರಲಿಲ್ಲ. ಅದೊಂದು ಗುಣ ಅವಳಿಗೆ ಹಿಡಿಸಿತ್ತು.

ಅವಳು ಮೊದಲಿನಿಂದ ಹೇಳಿದಳು. ಪಂಪ್ ಗುಂಡಿಯಲ್ಲಿದ್ದ ಅನಿಲಮಾಪಕ ಆ ದಿನ ತನ್ನ ಕೆಲಸ ಮಾಡಿತ್ತು. ಅಪಾಯವೆಂದು ಸುದ್ದಿ ಕಳಿಸಿತ್ತು. ಆದರೆ ಸೈರನ್ ಕೂಗಿಸುವುದು ಕಂಟ್ರೋಲ್ ರೂಮು, ಸುದ್ದಿ ಇಲ್ಲಿಗೆ ಮುಟ್ಟಿದರೆ ಮಾತ್ರ. ಮುಟ್ಟದೆ ಹೋಗದಿರಲಿ ಎಂದೇ ಇಂಥ ಕಡೆ ಎರಡು ಕೇಬಲ್ ಎಳೆಯುತ್ತಾರೆ. ಒಂದು ದಕ್ಷಿಣದ ಪೈಪುಗಳ ಪಕ್ಕದಲ್ಲಿ, ಇನ್ನೊಂದು ಉತ್ತರದ ಕಾಂಪೌಂಡಿನ ಗುಂಟ. ಎರಡೂ ಸೇರಿ ಘಟಕದ ಸುತ್ತ ಒಂದು ಬಳೆ. ಬಳೆ ಒಂದು ಕಡೆ ಮುರಿದರೆ ಸುದ್ದಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಎರಡು ದಾರಿಗಳು ಎಲ್ಲಿಯೂ ಒಂದಾಗಬಾರದು. ಕೇಬಲ್ಲಿನ ನಕ್ಷೆ ಬರೆಯುವವರು ಕಲಿಯುವ ಮೊದಲ ಪಾಠ ಅದು.

ಆ ದಿನ ದಕ್ಷಿಣದಲ್ಲಿ ನೆಲ ಅಗೆಯುತ್ತಿದ್ದ ಎಕ್ಸ್‌ಕವೇಟರ್ ಕೇಬಲ್ ಕಡಿಯಿತು. ಅದರೊಂದಿಗೇ ಇಡೀ ಬಳೆ ಸತ್ತಿತು. ಎಲ್ಲರಿಗೂ ಹೊಳೆದದ್ದು ಒಂದೇ ಕಾರಣ. ಎರಡು ಟ್ರೆಂಚ್ ತೋಡಿಸುವ ಕಷ್ಟ ತಪ್ಪಿಸಲು ಅಕ್ಷಯ್ ಎರಡು ಕೇಬಲ್ಲನ್ನೂ ಒಂದೇ ಟ್ರೆಂಚಿನಲ್ಲಿ ಮಲಗಿಸಿದ್ದಾನೆ. ಕಡಿದ ಜಾಗದಿಂದ ಹಳೆಯವು ಹೊಸವು ಸೇರಿ ಕರಿ ಕೇಬಲ್ಲುಗಳ ದೊಡ್ಡ ಕಂತೆಯೇ ಮೇಲೆ ಬಂದಿತ್ತು. ಯಾವುದು ಯಾವುದೆಂದು ಬಿಡಿಸಿ ನೋಡಿದವರಿಲ್ಲ.

"ಈ ಪೆಟ್ಟಿಗೆ ಕೇಬಲ್ಲಿನ ಗಾಜಿನ ಎಳೆಯೊಳಗೆ ಬೆಳಕಿನ ಒಂದು ಮಿಡಿತ ಕಳಿಸುತ್ತದೆ," ಎಂದಳು. "ಎಳೆ ತುಂಡಾದ ಕಡೆಯಿಂದ ಸ್ವಲ್ಪ ಬೆಳಕು ವಾಪಸ್ ಬರುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ದಕ್ಷಿಣದ ಕೇಬಲ್ ನಾನೂರು ಮೀಟರಿನಲ್ಲಿ ತುಂಡಾಗಿದೆ. ಎಕ್ಸ್‌ಕವೇಟರ್ ಅಗೆದದ್ದು ಅಲ್ಲೇ. ಉತ್ತರದ್ದೂ ಅದೇ ಟ್ರೆಂಚಿನಲ್ಲಿದ್ದರೆ ಅದೂ ಅಲ್ಲೇ ತುಂಡಾಗಬೇಕಿತ್ತು."

"ಆಗಿಲ್ಲ."

"ಆಗಿಲ್ಲ. ಅಕ್ಷಯ್ ನಕ್ಷೆಯಂತೆಯೇ ಬೇರೆ ದಾರಿಯಲ್ಲಿ ಹಾಕಿದ್ದಾನೆ. ಅದು ಬೇರೆ ಕಡೆ, ಸಾವಿರದ ನೂರರಲ್ಲಿ, ಬೇರೆ ಯಾವಾಗಲೋ ತುಂಡಾಗಿದೆ."

ಹಾಗಾದರೆ ಮೊದಲೇ ತಿಳಿಯಬೇಕಿತ್ತಲ್ಲ ಎಂದು ಬದರ್ ಕೇಳಿದ. ಶ್ರಾವಣಿ ಗೋಡೆಯ ದೊಡ್ಡ ಪರದೆಯ ಮೂಲೆ ತೋರಿಸಿದಳು. ಬಳೆ ಒಂದು ಕಡೆ ಮುರಿದರೆ ಅಲ್ಲೊಂದು ಹಳದಿ ಚುಕ್ಕೆ ಹೊತ್ತಿಕೊಳ್ಳುತ್ತದೆ. ಸೈಟಿನಲ್ಲಿ ಕೆಲಸ ನಡೆಯುತ್ತಿದ್ದಾಗ ದಿನವೂ ಯಾರೋ ಒಬ್ಬರು ಏನೋ ಒಂದು ಬಿಚ್ಚುತ್ತಿದ್ದರು, ದಿನವೂ ಚುಕ್ಕೆ ಹೊತ್ತುತ್ತಿತ್ತು. ಪಾಳಿಯವರು ಅದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಯಾವ ದಿನದಿಂದ ಅದು ಆರಲೇ ಇಲ್ಲವೆಂದು ಯಾರನ್ನು ಕೇಳಿದರೂ ಗೊತ್ತಿರಲಿಲ್ಲ.

ಬದರ್ ಆ ಹಳದಿ ಚುಕ್ಕೆಯನ್ನೇ ನೋಡುತ್ತ ನಿಂತ.

ಕೋಣೆಯಲ್ಲಿ ಇನ್ನಿಬ್ಬರಿದ್ದರು. ಬಾಗಿಲ ಬಳಿ, ಎಕ್ಸ್‌ಕವೇಟರ್ ಓಡಿಸಿದ ಮೊಯ್ದೀನ್ ಕುಂಞಿ, ಉಪ್ಪಳದವನು, ನಡುವಯಸ್ಸಿನವನು. ಕೇಸು ಮುಗಿಯುವವರೆಗೆ ಕರೆದಾಗ ಬರಬೇಕೆಂದು ಬದರ್ ಅವನಿಗೆ ತಾಕೀತು ಮಾಡಿದ್ದ. ಕಿಟಕಿಯ ಬಳಿ, ಕೇಬಲ್ಲಿನ ನಕ್ಷೆ ಬರೆದ ಎಂಜಿನಿಯರ್ ಧನಂಜಯ್. ಮೈಸೂರಿನವರು, ಬ್ನೇದ್ ಅಲ್ ಗಾರ್‌ನಲ್ಲಿ ಮನೆ. ಕುವೈತಿಗೆ ಬಂದ ಹೊಸದರಲ್ಲಿ ಶ್ರಾವಣಿ ಯುಗಾದಿಯ ಊಟ ಮಾಡಿದ್ದು ಅವರ ಮನೆಯಲ್ಲಿ. ಅವರ ಹೆಂಡತಿ ಯಾಮಿನಿ ಅವಳಿಗೆ ಎರಡನೇ ಸಲ ಹೋಳಿಗೆ ಬಡಿಸಿ, ತಿನ್ನಿಸದೆ ಬಿಡಲಿಲ್ಲ.

ಕೇಬಲ್ ಹಾಕಿದ ಮೇಲೆ ತಾನು ಸೈಟಿಗೆ ಕಾಲಿಟ್ಟೇ ಇಲ್ಲ, ಅರ್ದಿಯಾದ ಆಫೀಸು ಬಿಟ್ಟು ಹೊರಬಂದಿಲ್ಲ ಎಂದು ಧನಂಜಯ್ ಹೇಳಿಕೆ ಕೊಟ್ಟಿದ್ದರು.

"ಸರ್," ಎಂದಳು ಶ್ರಾವಣಿ ಕನ್ನಡದಲ್ಲಿ, ಪೆಟ್ಟಿಗೆಯಿಂದ ತಲೆ ಎತ್ತದೆ. "ಸಾವಿರದ ನೂರು ಅಂತ ತೋರಿಸ್ತಿದೆ. ಎಲ್ಲಿಗೆ ಬರುತ್ತೆ ಅದು?"

"ಪಂಪ್ ಶೆಡ್ಡಿನ ಹಿಂದೆ ಒಂದು ಚೇಂಬರ್ ಇದೆಯಲ್ಲಮ್ಮ, ಅಲ್ಲಿರಬೇಕು," ಎಂದರು ಧನಂಜಯ್. "ಬೇಗ ಮುಗಿಸು. ಯಾಮಿನಿ ಊಟಕ್ಕೆ ಕಾಯ್ತಿದ್ದಾಳೆ."

ಶ್ರಾವಣಿ ಸರಿ ಎಂದಳು. ಪೆಟ್ಟಿಗೆ ಮುಚ್ಚಿದಳು. ಅದರ ಎರಡೂ ಕೊಂಡಿಗಳನ್ನು ಒಂದೊಂದಾಗಿ ಹಾಕಿದಳು.

ಒಂದು ಜಾಗ ನೋಡುವುದಿದೆ, ಬನ್ನಿ ಎಂದಷ್ಟೇ ಬದರ್‌ಗೆ ಹೇಳಿದಳು. ಯಾರು ಹೇಳಿದ ಜಾಗ ಎಂದು ಹೇಳಲಿಲ್ಲ. ಮೊದಲು ಕಣ್ಣಿಂದ ನೋಡಬೇಕು, ಮಾತು ಆಮೇಲೆ ಎಂದುಕೊಂಡಳು.

ಹೊರಗೆ ಗಾಳಿಗೆ ಕೊಳೆತ ಮೊಟ್ಟೆಯ ಸಣ್ಣ ವಾಸನೆಯಿತ್ತು. ಆ ವಾಸನೆ ಮೂಗಿಗೆ ಬರುತ್ತಿರುವವರೆಗೆ ಭಯವಿಲ್ಲ, ನಿಂತುಹೋದರೆ ಓಡಬೇಕು ಎಂದು ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸುತ್ತಾರೆ. ಅನಿಲ ಹೆಚ್ಚಾದಾಗ ಮೊದಲು ಸಾಯುವುದು ಮೂಗು. ಕಾಂತಪ್ಪನಿಗೂ ಅದು ಗೊತ್ತಿತ್ತು. ಅವನ ಹೆಣ ಏಣಿಯ ಕೆಳಗಿನ ಮೆಟ್ಟಿಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿತ್ತು.

ಪಂಪ್ ಶೆಡ್ಡಿನ ಹಿಂದೆ, ಕಾಂಪೌಂಡಿನ ತೆಳು ನೆರಳಿನಲ್ಲಿ, ಕಾಂಕ್ರೀಟಿನ ಮುಚ್ಚಳವೊಂದು ಮರಳಿನಲ್ಲಿ ಅರ್ಧ ಹೂತುಕೊಂಡಿತ್ತು. ಮೊಯ್ದೀನ್ ಕುಂಞಿ ಕಬ್ಬಿಣದ ಕೊಕ್ಕೆ ಸಿಕ್ಕಿಸಿ ಅದನ್ನು ಎತ್ತಿದ.

ಕೇಬಲ್ ಚೇಂಬರಿನ ಒಂದು ಗೋಡೆಯಿಂದ ಬಂದು, ಅಗಲವಾದ ಸುರುಳಿಯಾಗಿ ಸುತ್ತಿಕೊಂಡು, ಎದುರಿನ ಗೋಡೆಯೊಳಕ್ಕೆ ಹೋಗಬೇಕಿತ್ತು. ಸುರುಳಿ ಇತ್ತು. ಅದು ಗೋಡೆ ಸೇರುವ ಕಡೆ ಕೇಬಲ್ ಎರಡು ತುಂಡಾಗಿತ್ತು.

ಎಳೆದು ಹರಿದದ್ದಲ್ಲ. ಇಲಿ ಕಡಿದದ್ದೂ ಅಲ್ಲ. ಕತ್ತರಿ ಹಿಡಿದು ಒಂದೇ ಸಲಕ್ಕೆ ನೇರವಾಗಿ ಕತ್ತರಿಸಿದ್ದರು. ಶ್ರಾವಣಿ ಮೊಣಕಾಲೂರಿ ಬಗ್ಗಿದಳು. ಎರಡು ತುದಿಗಳಿಗೂ ಕಪ್ಪು ಟೇಪ್ ಬಿಗಿಯಾಗಿ ಸುತ್ತಿತ್ತು, ಟೇಪಿನ ಮೇಲೆ ಧೂಳು ಕೂತಿತ್ತು.

ಅವಳನ್ನು ತಡೆದು ನಿಲ್ಲಿಸಿದ್ದು ಆ ಟೇಪ್. ಹಾಳು ಮಾಡಲು ಬಂದವನು ಕತ್ತರಿಸಿ ಎದ್ದು ಹೋಗುತ್ತಾನೆ. ತುದಿಯೊಳಗೆ ತೇವ ಇಳಿಯದಿರಲಿ ಎಂದು ಟೇಪ್ ಸುತ್ತುವವನು, ಮುಂದೆ ಎಂದಾದರೂ ಇದನ್ನು ಮತ್ತೆ ಜೋಡಿಸಬೇಕು ಎಂದುಕೊಂಡವನು. ಈ ಕೆಲಸ ಬಲ್ಲವನು. ಕೊಲ್ಲುವಾಗಲೂ ಅವನಿಗೆ ಕೇಬಲ್ಲಿನ ಮೇಲೆ ಕಾಳಜಿ ಇತ್ತು.

ಅಥವಾ, ಕೊಲ್ಲುವುದು ಅವನ ಉದ್ದೇಶವೇ ಆಗಿರಲಿಲ್ಲ.

"ಯಾಕೆ ಸರ್?" ಎಂದು ಕೇಳಿದಳು, ಕೂತಲ್ಲಿಂದಲೇ. ಕನ್ನಡದಲ್ಲಿಯೇ.

"ನನ್ನ ಕೇಳಿದರೆ?"

"ನಿಮ್ಮ ನಕ್ಷೆ ನನ್ನ ಹತ್ತಿರ ಇದೆ. ಅದರಲ್ಲಿ ಅಳೆದರೆ ಸಾವಿರದ ನೂರು ಮೀಟರ್ ಇಲ್ಲಿಗೆ ಬರೋದಿಲ್ಲ. ಇನ್ನೂ ಮುಂದೆ, ಲಾರಿ ರಸ್ತೆಯ ಅಡಿಗೆ ಹೋಗುತ್ತೆ. ನಕ್ಷೆ ಮಾತ್ರ ನೋಡಿದೋರು ಯಾರೇ ಆಗಲಿ ರಸ್ತೆ ಅಂತಿದ್ರು."

ಅವಳು ಸುರುಳಿಯ ಕಡೆ ಬೆರಳು ತೋರಿಸಿದಳು.

"ಅಕ್ಷಯ್ ಪ್ರತಿ ಚೇಂಬರಿನಲ್ಲೂ ಒಂದು ಸುರುಳಿ ಬಿಟ್ಟಿದ್ದಾನೆ, ಮುಂದೆ ರಿಪೇರಿಗೆ ಬೇಕಾಗುತ್ತೆ ಅಂತ. ನಿಮ್ಮ ನಕ್ಷೆಯಲ್ಲಿ ಅವು ಇಲ್ಲ. ಬೆಳಕು ಮಾತ್ರ ಆ ಸುರುಳಿಗಳನ್ನೆಲ್ಲ ಸುತ್ತಿಯೇ ಬರಬೇಕು. ಅದಕ್ಕೇ ಲೆಕ್ಕ ಹೆಚ್ಚು ತೋರಿಸುತ್ತೆ, ಜಾಗ ಹತ್ತಿರ ಇರುತ್ತೆ. ಬೆಳಿಗ್ಗೆ ನಾನೇ ಒಂದು ಚೇಂಬರ್ ತೆಗೆದು ನೋಡಿದ ಮೇಲೆ ನನಗೆ ಗೊತ್ತಾಯ್ತು. ನೀವು ಸೈಟಿಗೇ ಬಂದಿಲ್ಲ. ನಿಮಗೆ ಹೇಗೆ ಗೊತ್ತಾಯ್ತು, ಸರ್? ಲೆಕ್ಕ ಕೂಡ ಹಾಕಲಿಲ್ಲ ನೀವು."

ಬಿಸಿಲು ಹೊಡೆಯುತ್ತಿತ್ತು. ಧನಂಜಯ್ ಹೆಲ್ಮೆಟ್ ತೆಗೆದು ಹಣೆ ಒರೆಸಿ ಮತ್ತೆ ಹಾಕಿಕೊಂಡರು. ಅವಸರವಿರಲಿಲ್ಲ ಅದರಲ್ಲಿ.

"ನಾನು ರಸ್ತೆ ಅಂತಾನೇ ಹೇಳಿದ್ದು, ಶ್ರಾವಣಿ," ಎಂದರು.

ಆಮೇಲೆ ಬದರ್ ಕಡೆ ತಿರುಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ತಾನು ಲಾರಿ ರಸ್ತೆಯ ಅಡಿ ಎಂದಿದ್ದೆ, ಈ ಮೇಡಂ ಯಾಕೋ ಎಲ್ಲರನ್ನೂ ಇಲ್ಲಿಗೆ ಕರೆತಂದಿದ್ದಾರೆ, ಈಗ ಅದನ್ನು ತನ್ನ ತಲೆಗೆ ಕಟ್ಟುತ್ತಿದ್ದಾರೆ. ದನಿಯಲ್ಲಿ ಸಿಟ್ಟಿರಲಿಲ್ಲ, ನೊಂದ ಹಿರಿಯರ ದನಿಯಿತ್ತು.

ಶ್ರಾವಣಿ ನಡೆದದ್ದನ್ನು, ಸುರುಳಿಯ ಲೆಕ್ಕವನ್ನೂ ಸೇರಿಸಿ, ಇಂಗ್ಲಿಷಿನಲ್ಲಿ ಹೇಳಿದಳು. ಬದರ್ ಇಬ್ಬರ ಮುಖವನ್ನೂ ನೋಡಿದ. ಕಂಟ್ರೋಲ್ ರೂಮಿನಲ್ಲಿ ಅವನೂ ಇದ್ದ, ಇಬ್ಬರೂ ಏನೋ ಮಾತಾಡಿಕೊಂಡದ್ದನ್ನು ಅವನೂ ಕೇಳಿದ್ದ. ಆದರೆ ಅವನ ಪಾಲಿಗೆ ಅದು ಏಸಿಯ ಸದ್ದಿನಂಥದೇ ಇನ್ನೊಂದು ಸದ್ದು. ತನ್ನ ಮುಂದೆಯೇ ಒಬ್ಬ ಬಾಯಿಬಿಟ್ಟನೋ ಇಲ್ಲವೋ ಎಂಬುದನ್ನು ಅವನು ಇನ್ನೊಬ್ಬರ ಬಾಯಿಂದ ತಿಳಿಯಬೇಕಿತ್ತು.

ಅವನು ಮೊಯ್ದೀನ್ ಕಡೆ ತಿರುಗಿ ಹರಕು ಉರ್ದುವಿನಲ್ಲಿ ಕೇಳಿದ. "ತುಮ್ ಸುನಾ? ಎಂಜಿನಿಯರ್ ಕ್ಯಾ ಬೋಲಾ?"

ಮೊಯ್ದೀನ್ ಕುಂಞಿ ಕೊಕ್ಕೆಯನ್ನು ಮರಳಿನ ಮೇಲೆ ಇಟ್ಟ. ಅವನ ಇಕಾಮಾ, ಇಲ್ಲಿ ಇರಲು ಬೇಕಾದ ಪರವಾನಗಿ, ಇದ್ದದ್ದು ಧನಂಜಯ್ ಅವರ ಕಂಪೆನಿಯ ಹೆಸರಿನಲ್ಲಿ. ಒಂದು ಸಹಿ ನಿಂತರೆ ಅವನು ಈ ದೇಶದಲ್ಲಿ ಇರುವಂತಿಲ್ಲ, ಕೇಸಿನಲ್ಲಿ ಹೆಸರಿರುವುದರಿಂದ ಹೋಗುವಂತೆಯೂ ಇಲ್ಲ.

"ರಸ್ತಾ ಬೋಲಾ, ಸಾಬ್," ಎಂದ.

"ಮೊಯ್ದೀನ್‌ಚ್ಚಾ," ಎಂದಳು ಶ್ರಾವಣಿ.

ಅವನು ಅವಳನ್ನು ನೋಡಲಿಲ್ಲ. "ಎಂತ ಮಾಡುದು ಮೇಡಂ. ನಿಮ್ಮದು ಅಳತೆ ಮುಗಿದ್ರೆ ನೀವು ಹೋಗ್ತೀರಿ. ನಾನು ಇಲ್ಲಿಯೇ ಇರಬೇಕಲ್ಲ."

"ಕನ್ನಡ ಸಾಕು," ಎಂದ ಬದರ್. 'ಸಾಕು' ಎಂಬ ಆ ಒಂದು ಪದ ಅವನಿಗೆ ಎಲ್ಲಿಂದ ಸಿಕ್ಕಿತ್ತೋ. ಅವನು ಚೇಂಬರಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಟೇಪ್ ಸುತ್ತಿದ ತುದಿಯನ್ನು ಬಹಳ ಹೊತ್ತು ನೋಡಿದ.

"ಇದು ಅಪಘಾತವಲ್ಲ," ಎಂದ ಕೊನೆಗೆ. "ಅದನ್ನು ನೀವು ತೋರಿಸಿದಿರಿ, ಒಪ್ಪಿದೆ. ಈಗ ನಾನು ಕೇಳುತ್ತೇನೆ. ಈ ಸುರುಳಿ ನಕ್ಷೆಯಲ್ಲಿಲ್ಲ ಎಂದಿರಿ. ಇಲ್ಲಿದೆ ಎಂದು ಗೊತ್ತಿದ್ದದ್ದು ಯಾರಿಗೆ?"

ಬದರ್ ಕೈ ಚಾಚಿ ಸುರುಳಿಯನ್ನು ಮುಟ್ಟಿದ.

"ಸುರುಳಿ ಸುತ್ತಿದವನಿಗೆ. ಹೀಗೆ ಕತ್ತರಿಸಿ, ಹೀಗೆ ಟೇಪ್ ಹಾಕುವ ಕೈ ಯಾರದು? ದಿನವೂ ಅದೇ ಕೆಲಸ ಮಾಡುವವನದು. ಬೆಳಿಗ್ಗೆವರೆಗೆ ನನ್ನ ಹತ್ತಿರ ಇದ್ದದ್ದು ಸೋಮಾರಿಯಾದ ಒಬ್ಬ ಸೂಪರ್‌ವೈಸರ್. ನಿಮ್ಮ ಪೆಟ್ಟಿಗೆ ಅವನನ್ನು ಕೊಲೆಗಾರ ಮಾಡಿತು."

ಅವಳಿಗೆ ಆ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಅದೇ ಅವಳನ್ನು ಹೆದರಿಸಿದ್ದು. ಅವಳು ಅವನ ಜಾಗದಲ್ಲಿದ್ದು, ಕನ್ನಡ ಬಾರದವಳಾಗಿದ್ದರೆ, ಇದೇ ಸಾಕ್ಷ್ಯದಿಂದ ಇದೇ ತೀರ್ಮಾನಕ್ಕೆ ಬರುತ್ತಿದ್ದಳು.

ಧನಂಜಯ್ ಅವಳ ಪಕ್ಕಕ್ಕೆ ಬಂದು ನಿಂತರು. ಚೇಂಬರಿನೊಳಗೆ ನೋಡುತ್ತ, ಯಾರಿಗೋ ದಾರಿ ಹೇಳುವಷ್ಟು ಸಹಜವಾಗಿ, ಕನ್ನಡದಲ್ಲಿ ಹೇಳಿದರು. "ಅಳೆಯೋದು ಬೇಡ ಅಂತ ಮೊನ್ನೆಯೇ ಹೇಳಿದ್ದೆ ನಿನಗೆ. ಬರೀ ಅಜಾಗರೂಕತೆ ಅಂತ ಬಿಟ್ಟಿದ್ರೆ ಆ ಹುಡುಗ ಬದುಕ್ಕೋತಿದ್ದ."

ಅವಳ ಫೋನ್ ರಿಂಗಾಯಿತು. ಅಶ್ಮಿತಾ.

ಅವಳು ಅದನ್ನು ಹಿಡಿದುಕೊಂಡೇ ನಿಂತಳು. ಬದರ್ ಪರದೆಯ ಮೇಲಿನ ಹೆಸರು ಓದಿದ. ಯಾರೆಂದು ಅವನಿಗೆ ಗೊತ್ತಿತ್ತು. ಸ್ಪೀಕರ್ ಹಾಕುವಂತೆ ಕೈ ಮಾಡಿದ. ಕೇಸಿನ ಮಾತು ಇನ್ನು ಮೇಲೆ ತನ್ನ ಬೆನ್ನ ಹಿಂದೆ ನಡೆಯಕೂಡದೆಂದ.

"ಶ್ರಾವಣಿ ಅಕ್ಕ," ಎಂದಿತು ಫೋನಿನ ದನಿ. ವಾರದಿಂದ ಅತ್ತು ಒಡೆದ ದನಿ, ಆದರೆ ಇಂದು ಅದರಲ್ಲಿ ಒಂದು ನಿರಾಳವಿತ್ತು. "ಇನ್ನು ನೀವು ಬಿಸಿಲಲ್ಲಿ ತಿರುಗುದು ಬೇಡ. ಒಂದು ದಾರಿ ಆಯ್ತು."

"ಅಶ್ಮಿತಾ, ಒಂದು ನಿಮಿಷ..."

"ಧನಂಜಯ್ ಸಾರ್ ಒಬ್ಬರು ವಕೀಲರನ್ನು ಕಳಿಸಿದ್ದಾರೆ ಅಕ್ಕ. ಅವರು ಇವರ ಹತ್ತಿರ ಮಾತಾಡಿದ್ರು. ಎರಡೂ ಕೇಬಲ್ ಒಂದೇ ಟ್ರೆಂಚಲ್ಲಿ ಹಾಕಿದ್ದು ನಾನೇ ಅಂತ ಇವರು ಒಪ್ಪಿಕೊಳ್ತಾರೆ. ಹಾಗೆ ಹೇಳಿದ್ರೆ ಬರೀ ಅಜಾಗರೂಕತೆ ಅಂತ ಆಗ್ತದಂತೆ. ಕೆಲವು ತಿಂಗಳು ಒಳಗೆ ಇಟ್ಟು ಊರಿಗೆ ಕಳಿಸ್ತಾರಂತೆ. ಈಗ ಕರೀತಾರೆ, ಬಾಗಿಲಿನ ಹತ್ತಿರ ನಿಲ್ಲಿಸಿದ್ದಾರೆ."

ಶ್ರಾವಣಿ ಧನಂಜಯ್ ಅವರನ್ನು ನೋಡಿದಳು. ಅವರು ದೂರದ ಚಿಮಣಿಯನ್ನು ನೋಡುತ್ತಿದ್ದರು.

ಅಕ್ಷಯ್ ಆ ಬಾಗಿಲು ದಾಟಿ ಆ ಮಾತು ಹೇಳಿದರೆ, ಅದು ಸುಳ್ಳೆಂದು ತೋರಿಸುವ ಅಳತೆ ಬದರ್ ಕೈಯಲ್ಲಿದೆ. ಮಾಡದ ಸಣ್ಣ ತಪ್ಪನ್ನು ತಲೆ ಮೇಲೆ ಹೊತ್ತುಕೊಳ್ಳುವವನು, ಮಾಡಿದ ದೊಡ್ಡದನ್ನು ಮುಚ್ಚುತ್ತಿದ್ದಾನೆ ಎಂದೇ ಎಲ್ಲರೂ ಓದುತ್ತಾರೆ.

"ಅವರು ಹಾಗೆ ಹಾಕಲೇ ಇಲ್ಲ," ಎಂದಳು. "ಸರಿಯಾಗಿಯೇ ಹಾಕಿದ್ದಾರೆ. ಅದು ನನಗೆ ಗೊತ್ತಾಗಿದೆ. ಅವರು ಏನೂ ಹೇಳಬಾರದು, ಕೇಳಿಸ್ತಾ?"

ಆ ಕಡೆ ಯಾರೋ ಅರಬಿಯಲ್ಲಿ ಹೆಸರು ಕೂಗುತ್ತಿದ್ದದ್ದು ಕೇಳಿಸಿತು.

"ಸರಿಯಾಗಿ ಹಾಕಿದ್ದು ನನಗೂ ಗೊತ್ತುಂಟು ಅಕ್ಕ," ಎಂದಳು ಅಶ್ಮಿತಾ, ಈಗ ತೀರ ಮೆಲ್ಲಗೆ. "ನಿನ್ನೆ ನೋಡ್ಲಿಕ್ಕೆ ಹೋದಾಗ ನನ್ನ ಹತ್ತಿರ ಹೇಳಿದ್ರು. ಪಂಪ್ ಶೆಡ್ಡಿನ ಹತ್ತಿರ ಅದನ್ನು ಕಡಿದದ್ದು ಇವರಿಗೆ ಮೊದಲೇ ಗೊತ್ತಿತ್ತಂತೆ. ಮಾವ ಸಾಯುವ ಮೊದಲೇ. ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಅಂತ ಕೇಳಿದೆ. ಅಳ್ತಾರೆ, ಹೇಳುದಿಲ್ಲ."

ಮೊಯ್ದೀನ್ ಕುಂಞಿ ಮೊದಲ ಬಾರಿಗೆ ತಲೆ ಎತ್ತಿ ಶ್ರಾವಣಿಯ ಮುಖ ನೋಡಿದ.

ಅರ್ಥವಾಗದೆ ಉಳಿದವನು ಬದರ್ ಒಬ್ಬನೇ. ಅವನು ಎದ್ದು ನಿಂತು ಪ್ಯಾಂಟಿನ ಮರಳು ಕೊಡವಿದ.

"ಏನು ಹೇಳಿದಳು?"

ಶ್ರಾವಣಿ ಬಾಯಿ ತೆರೆದಳು. ಅಕ್ಷಯನಿಗೆ ಮೊದಲೇ ಗೊತ್ತಿತ್ತೆಂಬ ಮಾತು ಇಂಗ್ಲಿಷಿಗೆ ಬಂದರೆ ಬದರ್‌ಗೆ ಅವನೇ ಕೊಲೆಗಾರನೆಂಬುದು ಖಚಿತವಾಗುತ್ತಿತ್ತು. ಫೋನಿನಲ್ಲಿ ಮತ್ತೊಮ್ಮೆ ಅಕ್ಷಯನ ಹೆಸರು ಕೂಗಿದ್ದು ಕೇಳಿಸಿತು.

"ಮೇಡಂಗೆ ಕಷ್ಟವಾಗುತ್ತಿದೆ, ಕ್ಯಾಪ್ಟನ್," ಎಂದರು ಧನಂಜಯ್ ಇಂಗ್ಲಿಷಿನಲ್ಲಿ, ಮೆತ್ತಗೆ. "ನಾನು ಅನುವಾದ ಮಾಡಲೇ?"